ಮುದ್ದೆಮಾಲು ನಂಬರ್ ಎರಡು

ಚುನಾವಣೆ ಬಂತಂದ್ರ ನಮ್ಮ ಠಾಣೆಗಿ
ಮೊದಲು ಬರೋವು ಬಂದೂಕು.
ಭಾಲ್ಕಿ ಬಿಸಿಲಾಗ, ಜೀಪಿನಾಗ, ಮೋಟರ್‌ಸೈಕಲ್ ಮ್ಯಾಲ,
ಒಂದಂತೂ ಆಟೋದಾಗ, ಕೊತ್ತಂಬರಿ ಚೀಲದ ಬಾಜೂಕ.
ನಾನು ರೈಟರ್ ಜಗದೇವಿ. ನಂಬರ್ ನೋಡ್ತೀನಿ, ನಳಿಗಿ ಮಡಚಿ
ಖಾಲಿ ಅದ ಅಂತ ಖಾತ್ರಿ ಮಾಡ್ಕೊಂಡು ರಸೀದಿ ಹರೀತೀನಿ.
ನಲವತ್ತೊಂದು ಲೈಸೆನ್ಸು. ನಲವತ್ತು ಜಮಾ.
ಒಂದು ಮೊದಲೇ ಒಳಗದ.

ಸುಭೇದಾರ್ ವಾಮನರಾವ್ ಹಳೇ ಮಿಲಿಟರಿ ಕಂಬಳ್ಯಾಗ ಸುತ್ತಿ ತಂದ್ರು.
"ತಿರುಗಿ ಬ್ಯಾಡವ್ವ, ಇಲ್ಲೇ ಇಟ್ಕೋ.
ಮೊಮ್ಮಗ ಕುರ್ಚಿ ಮ್ಯಾಲ ನಿಂತು ಕೈ ಹಾಕ್ಲತ್ತಾನ."
ಇಟ್ಕೊಳ್ಳಲಾಕ ಬ್ಯಾರೆ ಅರ್ಜಿ, ಬ್ಯಾರೆ ಸಾಹೇಬ್ರು,
ಬೀದರಕ್ಕ ಮೂರು ಸಲ ಓಡಾಟ.
ತಗೊಳ್ಳಲಾಕ ಯಾರೂ ಇಷ್ಟು ತ್ರಾಸ ಪಟ್ಟಿದ್ದು ನಂಗ ನೆನಪಿಲ್ಲ.

ಬಾಕಿ ಮಂದಿ ಮುಖ ಗಂಟಿಕ್ಕಿ ಕೊಡ್ತಾರ,
ಮೀಸಿ ಅಡಾ ಇಟ್ಟಂಗ.
"ಹಂದಿ ಬರ್ತಾವ ಮೇಡಂ ಕಬ್ಬಿಗಿ, ನೀವು ಕಾಯ್ತೀರೇನು?"
"ಕುಡುಗೋಲು ಭೀ ಜಮಾ ಮಾಡ್ಸ್ಕೋರಿ ಹಂಗಾರ, ಈಳಿಗಿ ಭೀ."
ನಗ್ತಾರ. ನಾನೂ ಒಮ್ಮೊಮ್ಮೆ ನಗ್ತೀನಿ, ಮಾತು ಪೂರಾ ಸುಳ್ಳಲ್ಲ.
ಆದ್ರ ಕುಡುಗೋಲಿನವ ಹತ್ರ ಬರಬೇಕಾಗ್ತದ,
ಎದುರಿನವನ ಕಣ್ಣು ಕಾಣಸ್ತಾವ.

ನನ್ನ ಮಾತು ಇಷ್ಟೇ, ಯಾರಿಗೂ ಹೇಳಿಲ್ಲ.
ನಲವತ್ತು ಮನಿ ಎರಡು ತಿಂಗಳು ಬಂದೂಕಿಲ್ಲದೆ ಮಲಗಿ ಎದ್ದಾವ.
ಕಬ್ಬು ಇದ್ದಲ್ಲೇ ಅದ. ಮೀಸಿ ಭೀ.
ವೋಟಿನ ಎರಡು ತಿಂಗಳು ಮನುಷ್ಯಾನ್ನ ನಂಬಬಾರದು,
ಉಳಿದ ಐವತ್ತೆಂಟು ತಿಂಗಳು ನಂಬಬೇಕು:
ಈ ಲೆಕ್ಕ ಯಾರು ಹಾಕಿದ್ರು?

ಇನ್ನ, ಒಳಗಿರೋ ಆ ಒಂದರ ಮಾತು.
ಮನ್ಮಥಪ್ಪ ದೇಶಮುಖನ ಅರ್ಜಿ ನನ್ನ ಟೇಬಲ್ಲಿಗೇ ಬಂದಿತ್ತು.
ಕಾರಣ: ಬೆಳೆ ರಕ್ಷಣೆ.
ಹೊಲ ಕಾರಂಜಾ ಆಚಿ, ನಾ ಹೋಗಿ ನೋಡಿಲ್ಲ.
ಮುಂಜಾನೆ ಒಂದು ಫೋನ್ ಬಂತು, ಹೆಸರು ಹೇಳದಂಥ ಧ್ವನಿ,
ಹೆಸರು ಕೇಳೋ ಹಿಮ್ಮತ್ತು ಯಾರಿಗೂ ಇಲ್ಲದಂಥ ಧ್ವನಿ.
"ಆಕ್ಷೇಪಣೆ ಇಲ್ಲ" ಅಂತ ಬರದೆ. ಸಾಹೇಬ್ರು ಕೆಳಗ ಸಹಿ ಹಾಕಿದ್ರು.
ನನ್ನ ಅಕ್ಷರ ದುಂಡಗ ಅವ,
ಸಾಲ್ಯಾಗ ಬಹುಮಾನ ಬಂದಿತ್ತು.

ಮಗನ ಮದವಿ ಬಾರಾತ್. ಖುಷಿಗಿ ಮ್ಯಾಲ ಹಾರಿಸಿದ, ಎರಡು ಸಲ.
ಮೂರನೇದು ಮ್ಯಾಲ ಹೋಗಲಿಲ್ಲ.
ಬ್ಯಾಂಡಿನ ಮಗ್ಗಲಾಗ ತಲಿ ಮ್ಯಾಲ ದೀಪ ಹೊತ್ತು ನಡೀಲತ್ತಿದ್ದ ಅಂಕುಶ,
ಹದಿನಾರು ವರ್ಷ, ರಾತ್ರಿಗಿ ಮುನ್ನೂರು ರೂಪಾಯಿ.
ದೀಪ ಬಿದ್ದರೂ ಆರಲಿಲ್ಲಂತ.
ಜನರೇಟರ್ ಬಂದ್ ಮಾಡೋತನಕ
ಅವನ ಮುಖಕ್ಕೇ ಬೆಳಕು.

ಹೇಳಿಕಿ ಎಲ್ಲಾ ನಾನೇ ಬರಕೊಂಡೆ.
ಕೈ ಜಾರಿತು. ಕುಡದಿದ್ದ. ಹಿಂದಿನವ್ರು ನೂಕಿದ್ರು. ಹಣೇಬರ.
ಬಂದೂಕಿಗಿ ಕೈ ಬೇಕು, ಖರೆ.
ಆ ಕೈಗಿ ಬಂದೂಕು ಕೊಟ್ಟ ಕೈ ಯಾವುದು
ಅನ್ನೋ ಕಾಲಂ ಆ ಫಾರ್ಮಿನಾಗ ಇಲ್ಲ.
ಇದ್ದಿದ್ರ ತುಂಬ್ತಿದ್ದೆನೋ ಇಲ್ಲೋ,
ಸುಳ್ಳು ಯಾಕ ಹೇಳ್ಲಿ.

ನಿನ್ನೆ ಅವನ ತಾಯಿ ಸೋಜರಬಾಯಿ ಬಂದಿದ್ಳು.
ಕೇಸಿನ ಮಾತೇ ತೆಗೀಲಿಲ್ಲ.
"ಅಕ್ಕಾ, ಆ ದೀಪ ಕೊಡ್ತೀರೇನು?
ಬ್ಯಾಂಡಿನವ ಅದರ ರೊಕ್ಕ ಕೇಳ್ಲತ್ತಾನ."
ಮಾಲಖಾನಿ ಬಾಗಿಲು ತೆಗದು ತೋರಿಸಿದೆ.
ಮುದ್ದೆಮಾಲು ನಂಬರ್ ಒಂದು: ಬಂದೂಕು.
ನಂಬರ್ ಎರಡು: ದೀಪ, ಒಡದ ಟ್ಯೂಬು ಮೂರು, ಅರಿವಿ ಸಿಂಬಿ ಒಂದು.
"ಸಿಂಬಿ ನನ್ನ ಸೀರಿದು" ಅಂದ್ಳು.
ಕೋರ್ಟಿನ ಅಪ್ಪಣಿ ಇಲ್ಲದ ಕೊಡ್ಲಾಕ ಬರಂಗಿಲ್ಲ ಅಂದೆ.
ಬರಂಗಿಲ್ಲ, ಅದು ಖರೇನೇ.

ರಿಸಲ್ಟ್ ಬಂದದ. ನಾಡದು ನಲವತ್ತೂ ವಾಪಸ್.
ಟೇಬಲ್ ಮ್ಯಾಲ ಹೊಸಾ ಅರ್ಜಿ ಒಂದು. ಕಾರಣ: ಬೆಳೆ ರಕ್ಷಣೆ.
ನಾಳಿ ನಸುಕಿನಾಗ ಹೊಲ ನೋಡ್ಲಾಕ ಹೋಗ್ತೀನಿ, ಸ್ವಂತ ಪೆಟ್ರೋಲು.
ಹಂದಿ ಹೆಜ್ಜಿ ಕಂಡ್ರ, ಕಂಡವು ಅಂತ ಬರೀತೀನಿ.
ಫೋನು ಎರಡು ಸಲ ಬಡಕೊಂಡು ಸುಮ್ಮನಾಗಿತ್ತು.
ಈಗ ಮತ್ತ ಬಡಕೊಳ್ಳಲತ್ತದ.